ಹುಣ್ಣಿನ ಮಾತ್ರೆ ಮತ್ತು ಯೂರಿಯೇಸ್: ಒಂದು ಅರೆನಿಜದ ಹಿನ್ನೆಲೆ

ಜಠರದ ಹುಣ್ಣಿಗೆ ಕೊಡುವ ಒಮೆಪ್ರಜೋಲ್‌ನಂಥ ಆಮ್ಲನಿರೋಧಕ ಮಾತ್ರೆಗಳು ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾದ ಕಿಣ್ವವನ್ನೂ ತಡೆಯುತ್ತವೆ ಎಂಬ ಮಾತು ಮೂರು ದಶಕಗಳಿಂದ ಚಾಲ್ತಿಯಲ್ಲಿದೆ. ಮಾತು ಸುಳ್ಳಲ್ಲ. ಆದರೆ ಕಿಣ್ವವನ್ನು ತಡೆದರೆ ಸೋಂಕೂ ತೊಲಗುತ್ತದೆ ಎಂದು ಅದರಿಂದ ಹೊರಡಿಸಿದ ತೀರ್ಮಾನಕ್ಕೆ ಆಧಾರ ಸಾಲದು.

ಆ ಕಿಣ್ವದ ಹೆಸರು ಯೂರಿಯೇಸ್. 1926ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಕಾಳಿನಿಂದ ಇದನ್ನು ಹರಳುರೂಪದಲ್ಲಿ ಪಡೆದರು. ಹೀಗೆ ಹರಳುಗಟ್ಟಿದ ಮೊದಲ ಕಿಣ್ವ ಇದು. ಇದರಲ್ಲಿ ನಿಕಲ್ ಲೋಹವಿದೆಯೆಂದು ತಿಳಿದದ್ದು 1975ರಲ್ಲಿ. ಜಠರದಲ್ಲಿ ಯೂರಿಯೇಸ್ ಚಟುವಟಿಕೆ ಇರುವುದು 1920ರ ದಶಕದಲ್ಲೇ ಗೊತ್ತಾಗಿತ್ತು, ಆದರೆ ಅದು ಜಠರದ ಒಳಪದರದ್ದೇ ಎಂದು ಬಹುಕಾಲ ನಂಬಲಾಗಿತ್ತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂಬ 1910ರ ಸೂತ್ರವೇ ಚಿಕಿತ್ಸೆಯನ್ನು ಆಳುತ್ತಿದ್ದ ಕಾಲ ಅದು. ಆಮ್ಲ ತಗ್ಗಿಸುವ ಔಷಧಗಳಾಗಿ 1970ರ ದಶಕದಲ್ಲಿ ಸಿಮೆಟಿಡಿನ್, 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂದವು. ಹುಣ್ಣು ಮಾಯುತ್ತಿತ್ತು, ಮಾತ್ರೆ ಬಿಟ್ಟ ಮೇಲೆ ಹಲವರಲ್ಲಿ ಮರುಕಳಿಸುತ್ತಿತ್ತು. ಏಕೆ ಮರುಕಳಿಸುತ್ತದೆ ಎಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಆಗ ಸಿಗಲಿಲ್ಲ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮೇಲೆ ಉತ್ತರದ ದಿಕ್ಕು ಕಾಣಿಸಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಈ ಬ್ಯಾಕ್ಟೀರಿಯಾ ಸ್ವಭಾವತಃ ಆಮ್ಲಪ್ರಿಯವಲ್ಲ. ಸುತ್ತಲಿನ ಆಮ್ಲ ತೀವ್ರವಾದಾಗ ಅದರ ಒಳಪೊರೆಯಲ್ಲಿ ಯೂರಿಯಾಕ್ಕೆಂದೇ ಇರುವ ಕಾಲುವೆಗಳು ತೆರೆದುಕೊಳ್ಳುತ್ತವೆ, ಜಠರರಸದಲ್ಲಿರುವ ಯೂರಿಯಾ ಒಳಗೆ ಹರಿಯುತ್ತದೆ, ಯೂರಿಯೇಸ್ ಅದನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ, ಆ ಅಮೋನಿಯಾ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಅಂಗಾಂಶದ ಚೂರನ್ನು ಯೂರಿಯಾ ಬೆರೆಸಿದ ಹಳದಿ ಜೆಲ್‌ನಲ್ಲಿ ಇಟ್ಟರೆ, ಸೋಂಕಿದ್ದಲ್ಲಿ ಚೂರಿನ ಸುತ್ತ ಕೆಂಬಣ್ಣ ಹರಡುವುದು ಇದೇ ಅಮೋನಿಯಾದಿಂದ. ಯೂರಿಯೇಸ್ ಇಲ್ಲದಂತೆ ಮಾರ್ಪಡಿಸಿದ ತಳಿಗಳು ಹಂದಿಮರಿಗಳ ಜಠರದಲ್ಲಿ ನೆಲೆಯೂರಲಿಲ್ಲ. ಹೀಗಿರುವಾಗ ಈ ಕಿಣ್ವವನ್ನೇ ಗುರಿಯಾಗಿಸುವ ಆಸೆ ಹುಟ್ಟಿದ್ದು ಸಹಜ.

ನೇರ ದಾರಿಯನ್ನೂ ಪ್ರಯತ್ನಿಸಲಾಯಿತು. ಅಸಿಟೋಹೈಡ್ರಾಕ್ಸಾಮಿಕ್ ಆಮ್ಲ ಕಿಣ್ವದ ನಿಕಲ್ ಪರಮಾಣುಗಳಿಗೆ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಮೂತ್ರಮಾರ್ಗದ ಸೋಂಕಿನಿಂದಾಗುವ ಕಲ್ಲುಗಳಿಗೆ ಇದು ಔಷಧವಾಗಿ ಬಳಕೆಯಲ್ಲಿದೆ. ಜಠರದಲ್ಲಿ ಅದು ಯೂರಿಯೇಸನ್ನು ಕುಗ್ಗಿಸಿತೇ ಹೊರತು ಸೋಂಕನ್ನು ತೆಗೆಯಲಿಲ್ಲ.

ಒಮೆಪ್ರಜೋಲ್ ಮತ್ತು ಲ್ಯಾನ್ಸೊಪ್ರಜೋಲ್ ಕಥೆ ಇನ್ನೂ ಸೂಕ್ಷ್ಮ. ಇವುಗಳ ಮೂಲ ಗುರಿ ನಮ್ಮದೇ ಜೀವಕೋಶಗಳಲ್ಲಿ ಆಮ್ಲವನ್ನು ಹೊರದೂಡುವ ಪ್ರೋಟಾನ್ ಪಂಪ್. ಆಮ್ಲದ ಸಂಪರ್ಕದಲ್ಲಿ ರೂಪ ಬದಲಿಸಿಕೊಂಡು, ಪಂಪಿನ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಗಂಧಕಕ್ಕೆ ಬಿಗಿಯಾಗಿ ಬಂಧಿಸಿಕೊಳ್ಳುವುದು ಅವುಗಳ ಕ್ರಮ. ಯೂರಿಯೇಸ್‌ನಲ್ಲೂ ಅಂಥ ಸಿಸ್ಟೀನ್ ಇರುವುದರಿಂದ ಪ್ರಯೋಗಾಲಯದಲ್ಲಿ ಅದೂ ಸಿಕ್ಕಿಬೀಳುತ್ತದೆ. 1990ರ ದಶಕದ ಆರಂಭದಲ್ಲಿ ಇದು ಕಂಡುಬಂದಾಗ ಒಂದೇ ಮಾತ್ರೆಗೆ ಎರಡು ಗುಣ ಎಂಬ ಉತ್ಸಾಹ ಮೂಡಿತು. ಆದರೆ 1995ರಲ್ಲಿ ಪ್ರಕಟವಾದ ಲ್ಯಾನ್ಸೊಪ್ರಜೋಲ್ ಅಧ್ಯಯನ, ಬ್ಯಾಕ್ಟೀರಿಯಾದ ಬೆಳವಣಿಗೆ ಕುಂಠಿತವಾಗುವುದಕ್ಕೂ ಯೂರಿಯೇಸ್ ತಡೆಗೂ ಸಂಬಂಧವಿಲ್ಲವೆಂದು ತೋರಿಸಿತು. ಮೊದಲ ಸುದ್ದಿ ಹರಡಿದಷ್ಟು ಈ ತಿದ್ದುಪಡಿ ಹರಡಲಿಲ್ಲವೆಂಬುದು ವಿಷಾದದ ಸಂಗತಿ.

ಹಾಗಿದ್ದರೆ ಸೋಂಕಿನ ಚಿಕಿತ್ಸೆಯಲ್ಲಿ ಈ ಮಾತ್ರೆಗಳು ಏಕೆ ಬೇಕು? ಆಮ್ಲ ಇಳಿದಾಗ ಬ್ಯಾಕ್ಟೀರಿಯಾ ಹೆಚ್ಚು ವಿಭಜನೆಗೊಳ್ಳುತ್ತದೆ. ಜೊತೆಗೆ ಕೊಡುವ ಪ್ರತಿಜೀವಕಗಳಲ್ಲಿ ಅಮಾಕ್ಸಿಸಿಲಿನ್ ಕೊಲ್ಲುವುದು ವಿಭಜನೆಗೊಳ್ಳುತ್ತಿರುವ ಕೋಶಗಳನ್ನೇ. ಕ್ಲಾರಿತ್ರೊಮೈಸಿನ್ ಆಮ್ಲದಲ್ಲಿ ಬೇಗ ಹಾಳಾಗುತ್ತದೆ, ಆಮ್ಲ ಕಡಿಮೆಯಾದರೆ ಹೆಚ್ಚು ಹೊತ್ತು ಉಳಿಯುತ್ತದೆ. 2015ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದ ವೊನೊಪ್ರಜಾನ್ ಎಂಬ ಆಮ್ಲನಿರೋಧಕ ಔಷಧ ಈ ವಾದಕ್ಕೆ ಬಲ ಕೊಟ್ಟಿದೆ. ಅದು ಯೂರಿಯೇಸನ್ನು ತಡೆಯುವುದೇ ಇಲ್ಲ. ಆದರೂ ಆಮ್ಲವನ್ನು ಇನ್ನೂ ಬಲವಾಗಿ ತಗ್ಗಿಸುವುದರಿಂದ ಪ್ರತಿಜೀವಕಗಳ ಜೊತೆಗೆ ಅನೇಕ ಪ್ರಯೋಗಗಳಲ್ಲಿ ಹಳೆಯ ಮಾತ್ರೆಗಳಿಗಿಂತ ಉತ್ತಮ ಫಲ ನೀಡಿದೆ.

ಹಳೆಯ ಔಷಧವಾದ ಬಿಸ್ಮತ್ ಮಾತ್ರ ಬೇರೆ ಸಾಲಿನದು. ಅದು ಯೂರಿಯೇಸನ್ನೂ ಬ್ಯಾಕ್ಟೀರಿಯಾದ ಇತರ ಪ್ರೋಟೀನುಗಳನ್ನೂ ಒಟ್ಟಿಗೆ ಕೆಡಿಸುತ್ತದೆ. ಪ್ರತಿಜೀವಕ ನಿರೋಧ ಹೆಚ್ಚುತ್ತಿರುವ ಈ ದಿನಗಳಲ್ಲಿ ನಾಲ್ಕು ಔಷಧಗಳ ಚಿಕಿತ್ಸೆಯಲ್ಲಿ ಅದಕ್ಕೆ ಮತ್ತೆ ಮಹತ್ವ ಬಂದಿದೆ.

ಆಮ್ಲನಿರೋಧಕ ಮಾತ್ರೆಗಳಿಂದ ರೋಗಿಗೆ ನೇರವಾಗಿ ತಟ್ಟುವ ತೊಡಕು ಪರೀಕ್ಷೆಯ ಕೋಣೆಯಲ್ಲಿದೆ. ಉಸಿರಿನ ಪರೀಕ್ಷೆಯೂ ಜೆಲ್ ಪರೀಕ್ಷೆಯೂ ಯೂರಿಯೇಸ್ ಕೆಲಸವನ್ನೇ ಅಳೆಯುತ್ತವೆ. ಮಾತ್ರೆ ಸೇವಿಸುತ್ತಿರುವವರಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆಯೂ ಕಿಣ್ವದ ಚಟುವಟಿಕೆಯೂ ತಗ್ಗಿ, ಸೋಂಕಿದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಆದ್ದರಿಂದಲೇ ವೈದ್ಯರ ಸಲಹೆಯಂತೆ ಪರೀಕ್ಷೆಗೆ ಎರಡು ವಾರ ಮೊದಲು ಈ ಮಾತ್ರೆಗಳನ್ನೂ, ನಾಲ್ಕು ವಾರ ಮೊದಲು ಪ್ರತಿಜೀವಕ ಮತ್ತು ಬಿಸ್ಮತ್ತನ್ನೂ ನಿಲ್ಲಿಸಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. ಹೊಟ್ಟೆಯುರಿ ಕಂಡೊಡನೆ ಪರೀಕ್ಷೆಗೆ ಮುನ್ನವೇ ಮಾತ್ರೆ ಆರಂಭವಾಗಿ ವರ್ಷಗಟ್ಟಲೆ ಮುಂದುವರಿದಾಗ, ಈ ಎರಡು ವಾರಗಳ ಬಿಡುವು ಸಿಗುವುದೇ ಕಷ್ಟವಾಗುತ್ತದೆ.