ಇದ್ದಿಲನ್ನು ಹಿಡಿದಿಡುವ ಎಣ್ಣೆ

ಇದ್ದಿಲು ಮತ್ತು ಮುದ್ರಣ ಶಾಯಿಗೆ ಕಪ್ಪು ಕೊಡುವ ಮಸಿ ಒಂದೇ ವಸ್ತುವೆಂಬ ನಂಬಿಕೆ ಚಿತ್ರಕಲೆಯ ವಿದ್ಯಾರ್ಥಿಗಳಲ್ಲಿಯೂ ಉಂಟು. ಇದ್ದಿಲಿನ ರೇಖೆಯನ್ನು ಮುದ್ರಣದೊಡನೆ ಬೆರೆಸಲು ಹೊರಟವರ ಹಲವು ಸೋಲುಗಳ ಬೇರು ಇಲ್ಲಿಯೇ ಇದೆ. ಎರಡೂ ಬಹುಮಟ್ಟಿಗೆ ಇಂಗಾಲವೆಂಬುದು ನಿಜ. ಆದರೆ ಎಣ್ಣೆ ಉರಿದ ಹೊಗೆಯಿಂದ ಸಿಗುವ ಮಸಿಯ ಕಣವು ಮೈಕ್ರೊಮೀಟರಿನ ಹತ್ತನೆಯ ಒಂದು ಭಾಗದ ಆಸುಪಾಸಿನ ದುಂಡು ಗೋಳ. ವಿಲ್ಲೋ ಮರದ ಕಡ್ಡಿಯನ್ನೋ ದ್ರಾಕ್ಷಿಬಳ್ಳಿಯನ್ನೋ ಗಾಳಿ ಸೋಕದಂತೆ ಕಾಯಿಸಿ ಪಡೆದ ಇದ್ದಿಲಿನ ಪುಡಿಯಾದರೋ ಸಸ್ಯಕೋಶಗಳ ಗೋಡೆಗಳು ಒಡೆದು ಉಳಿದ ಚೂರು; ಮಸಿಗಿಂತ ಎಷ್ಟೋ ಪಟ್ಟು ದೊಡ್ಡದು, ಅಂಚು ಚೂಪು, ಗಾತ್ರಕ್ಕೆ ಲೆಕ್ಕವಿಲ್ಲ.

ಈ ಚೂರುಗಳಿಗೆ ಅಂಟು ಇಲ್ಲ. ಕಾಗದದ ನಾರುಗಳ ನಡುವಿನ ತಗ್ಗುಗಳಲ್ಲಿ ಸಿಕ್ಕಿಕೊಂಡಷ್ಟೇ ಅವು ಉಳಿಯುತ್ತವೆ, ಬೆರಳು ಸವರಿದರೆ ಏಳುತ್ತವೆ. ಮುದ್ರಣಯಂತ್ರದ ಉರುಳೆಗಳ ನಡುವೆ ಹಾದುಬಂದ ಒದ್ದೆ ಕಾಗದದಲ್ಲಿ ಲೋಹದ ಫಲಕ ಒತ್ತಿದ ಭಾಗ ಚಪ್ಪಟೆಯಾಗಿ ನುಣುಪಾಗಿರುವುದರಿಂದ, ಅಲ್ಲಿ ಇದ್ದಿಲು ಹೊರಗಿನ ಅಂಚಿನಲ್ಲಿ ಹಿಡಿದಷ್ಟು ಹಿಡಿಯುವುದಿಲ್ಲ. ದಪ್ಪಗೆ ಬಿದ್ದು ಪೂರ್ತಿ ಒಣಗಿದ ಶಾಯಿಯ ಮೇಲಂತೂ ಜಾರಿಯೇ ಹೋಗುತ್ತದೆ.

ಆದರೆ ಶಾಯಿ ತೆಳುವಾಗಿದ್ದು ಇನ್ನೂ ಹಸಿಯಾಗಿದ್ದರೆ ಕಥೆಯೇ ಬೇರೆ. ಸಾಂಪ್ರದಾಯಿಕ ಮುದ್ರಣ ಶಾಯಿಯಲ್ಲಿ ಕಪ್ಪು ಕಣಗಳನ್ನು ಹೊತ್ತಿರುವುದು ಅಗಸೆ ಎಣ್ಣೆ, ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡುವ ಅದೇ ಅಗಸೆಯದು. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು, ದಿನಗಟ್ಟಲೆ ಸಮಯದಲ್ಲಿ ಗಟ್ಟಿ ಪೊರೆಯಾಗುತ್ತದೆ. ಆ ಅವಧಿಯಲ್ಲಿ ಎಳೆದ ಇದ್ದಿಲಿನ ಚೂರುಗಳ ಸಂದುಗಳಿಗೆ ಎಣ್ಣೆ, ದೀಪದ ಬತ್ತಿಗೆ ಏರುವಂತೆ, ತಾನಾಗಿ ಏರಿ ಅಲ್ಲಿಯೇ ಗಟ್ಟಿಯಾಗುತ್ತದೆ. ಇದ್ದಿಲು ಉದುರದಂತೆ ಮೇಲೆ ಸಿಂಪಡಿಸುವ ಅಂಟುದ್ರಾವಣವಾದ ಫಿಕ್ಸೆಟಿವ್‌ನ ಕೆಲಸವನ್ನು ಕೆಳಗಿನ ಶಾಯಿಯೇ ಮಾಡಿದಂತಾಯಿತು. ಈ ಗುಣ ಹಿಂದಿನವರಿಗೆ ತಿಳಿಯದ್ದೇನಲ್ಲ: ಇದ್ದಿಲಿನ ಕಡ್ಡಿಯನ್ನೇ ಅಗಸೆ ಎಣ್ಣೆಯಲ್ಲಿ ನೆನೆಸಿ ಬರೆಯುವ ರೂಢಿ ವೆನಿಸ್‌ನಲ್ಲಿ 16ನೆಯ ಶತಮಾನದಷ್ಟು ಹಿಂದೆಯೇ ಇತ್ತು. ಅಂಥ ರೇಖೆಗಳ ಅಕ್ಕಪಕ್ಕದ ಕಾಗದ ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ.

ಮುದ್ರಣಚಿತ್ರವೆಂದರೆ ಬರಿಯ ನಕಲು ಎನ್ನುವವರು ಫ್ರೆಂಚ್ ಚಿತ್ರಕಾರ ಎಡ್ಗರ್ ಡೆಗಾನ ಕೆಲಸವನ್ನು ನೋಡಬೇಕು. 1870ರ ದಶಕದಲ್ಲಿ, ಲ್ಯೂಡೊವಿಕ್ ಲೆಪಿಕ್ ಎಂಬ ಕಲಾವಿದನೊಡನೆ, ಆತ ಮೋನೋಟೈಪ್ ಆರಂಭಿಸಿದ. ಲೋಹದ ಫಲಕದ ಮೇಲೆ ಶಾಯಿ ಹಚ್ಚಿ, ಬಟ್ಟೆ, ಕುಂಚ, ಬೆರಳುಗಳಿಂದ ಒರೆಸಿ ಚಿತ್ರ ತೆಗೆದು ಒಮ್ಮೆ ಅಚ್ಚೊತ್ತುವ ಈ ವಿಧಾನದಲ್ಲಿ ಫಲಕದ ಮೇಲೆ ಕೆತ್ತನೆಯಿರುವುದಿಲ್ಲ, ಆದ್ದರಿಂದ ಎರಡನೆಯ ಅಚ್ಚಿಗೆ ಉಳಿಯುವುದು ಮಸುಕಾದ ಛಾಯೆ ಮಾತ್ರ. ಆ ಮಸುಕು ಅಚ್ಚಿನ ಮೇಲೆಯೇ ಡೆಗಾ ಪಾಸ್ಟೆಲ್ ಎಂಬ ಬಣ್ಣದ ಪುಡಿಯ ಕಡ್ಡಿಗಳಿಂದ ಬಣ್ಣ ಹಚ್ಚಿದ. ಅಲ್ಲಿ ಶಾಯಿಯ ಪದರ ತೀರ ತೆಳು, ನಾರುಗಳ ತಗ್ಗುಗಳು ಮುಚ್ಚಿರಲಿಲ್ಲ. ಅಂಟು ಕಡಿಮೆಯಿರುವ ಪಾಸ್ಟೆಲ್ಲಿಗೂ ಇದ್ದಿಲಿನಂತೆಯೇ ಅವು ಬೇಕು.

ಮುಂದೆ ಆತ ಇದೇ ತರ್ಕವನ್ನು ತಿರುಗಿಸಿದ. ಇದ್ದಿಲಿನಲ್ಲಿ ಬರೆದ ನರ್ತಕಿಯರ, ಸ್ನಾನನಿರತ ಹೆಂಗಸರ ಚಿತ್ರಗಳ ಮೇಲೆ ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿ, ಎಡಬಲ ಅದಲುಬದಲಾದ ಪ್ರತಿಮುದ್ರೆಗಳನ್ನು ತೆಗೆದ. ನೀರು ಕುಡಿದು ಉಬ್ಬಿ ಮೆತ್ತಗಾದ ನಾರುಗಳು ಮೂಲಚಿತ್ರದಲ್ಲಿ ಸಡಿಲವಾಗಿದ್ದ ಚೂರುಗಳನ್ನಷ್ಟೇ ಎತ್ತಿಕೊಳ್ಳುತ್ತವೆ. ಆಳದಲ್ಲಿ ಸಿಕ್ಕಿಕೊಂಡವು ಮೂಲದಲ್ಲಿಯೇ ಉಳಿಯುತ್ತವೆ. ಹೀಗೆ ಮಸುಕಾಗಿ ಬಂದ ಹಾಳೆಯಲ್ಲಿ ಎಣ್ಣೆಯ ಪೊರೆ ಇಲ್ಲದ್ದರಿಂದ, ಅದು ಒಣಗಿದ ಮೇಲೆ ಆತನಿಗೆ ಮತ್ತೆ ಇದ್ದಿಲನ್ನೂ ಪಾಸ್ಟೆಲ್ಲನ್ನೂ ಪದರಪದರವಾಗಿ ಹಚ್ಚಲು ಸಾಧ್ಯವಾಯಿತು.