ಹಿಮದ ಋತುಮೊತ್ತವನ್ನು ಓದುವ ಬಗೆ: ಭೂಗೋಳ ಅಭ್ಯಾಸಿಗಳಿಗೆ ಒಂದು ಟಿಪ್ಪಣಿ

ಕಳೆದ ಭಾನುವಾರ ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ನಾವು ಐದಾರು ಮಂದಿ ಕೂತು ಹವಾಮಾನದ ಅಧ್ಯಾಯ ಓದುತ್ತಿದ್ದಾಗ ಒಂದು ಪ್ರಶ್ನೆ ಎದ್ದಿತು. ಅಮೆರಿಕದ ಈಶಾನ್ಯ ಭಾಗದಲ್ಲಿ ಹಿಮದ ಮೇಲೆ ಪ್ರೀತಿಯಿರುವ ಜನ ಫೆಬ್ರವರಿ ಮುಗಿಯುತ್ತ ಬಂದಂತೆ ತಮ್ಮ ತಮ್ಮ ಊರುಗಳಲ್ಲಿ ಆ ಋತುವಿನಲ್ಲಿ ಬಿದ್ದ ಹಿಮದ ಮೊತ್ತವನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತಾರೆ, ಮಾರ್ಚಿನಲ್ಲಿ ಇನ್ನೊಂದು ದೊಡ್ಡ ಹಿಮಬಿರುಗಾಳಿ ಬಂದೀತೇ ಎಂದು ಕಾಯುತ್ತಾರೆ. ಆ ಮೊತ್ತಗಳನ್ನು ನಾವು ಹೇಗೆ ಓದಬೇಕು ಎಂಬುದಕ್ಕೆ ಅಂದು ಸರಿಯಾದ ಉತ್ತರ ಸಿಗಲಿಲ್ಲ. ಆ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯಲು ಪ್ರಯತ್ನಿಸಿದ್ದೇನೆ. ಋತುಮೊತ್ತ ಒಂಟಿ ಸಂಖ್ಯೆಯಂತೆ ಕಂಡರೂ, ಅಳೆದ ಕ್ರಮ ಯಾವುದು ಮತ್ತು ಅದರಲ್ಲಿ ಒಂದೆರಡು ಬಿರುಗಾಳಿಗಳ ಪಾಲೆಷ್ಟು ಎಂಬ ಎರಡು ಸಂಗತಿ ತಿಳಿಯದೆ ಅದನ್ನು ಇನ್ನೊಂದು ಊರಿನ ಮೊತ್ತದೊಂದಿಗೆ ಹೋಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಪದಗಳ ವಿಚಾರ. ನಮ್ಮಲ್ಲಿ ‘ಮಂಜು’ ಎಂದರೆ ನಂದಿ ಬೆಟ್ಟದ ಮೇಲೆ ನಸುಕಿನಲ್ಲಿ ಮುಖಕ್ಕೆ ತಾಗುವ ತಣ್ಣನೆಯ ಮೋಡ. ಅದು ಸಣ್ಣ ನೀರಹನಿಗಳ ಗುಂಪೇ ಹೊರತು ಹಿಮವಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ದ್ರಾಕ್ಷಿ ತೋಟಗಳನ್ನು ಹಾಳುಮಾಡುವ ಆಲಿಕಲ್ಲು ಮಂಜುಗಡ್ಡೆಯೇ ಆಗಿದ್ದರೂ ಅದೂ ಹಿಮವಲ್ಲ, ಏಕೆಂದರೆ ಅದು ಗುಡುಗುಮೋಡದೊಳಗಿನ ಬಲವಾದ ಮೇಲ್ಮುಖ ಗಾಳಿಯಲ್ಲಿ ನೀರು ಪದರಪದರವಾಗಿ ಹೆಪ್ಪುಗಟ್ಟಿ ಬೆಳೆದ ಗಡ್ಡೆ. ಹಿಮದ ಹರಳು ಹುಟ್ಟುವುದು ನೀರಾವಿಯು ದ್ರವವಾಗದೆ ನೇರವಾಗಿ ಮಂಜುಗಡ್ಡೆಯ ಮೇಲೆ ಕೂತಾಗ, ಮತ್ತು ಕವಲೊಡೆದ ದೊಡ್ಡ ಹರಳುಗಳು ಚೆನ್ನಾಗಿ ಬೆಳೆಯುವುದು ಮೋಡದ ಉಷ್ಣಾಂಶ ಸುಮಾರು ಮೈನಸ್ 12ರಿಂದ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಪದರದಲ್ಲಿ. ಬೀಳುವ ಹಿಮ ನಡುವೆ ಒಂದು ಬೆಚ್ಚಗಿನ ಪದರದಲ್ಲಿ ಕರಗಿ, ನೆಲದ ಹತ್ತಿರ ಮತ್ತೆ ಹೆಪ್ಪುಗಟ್ಟಿ ಸಣ್ಣ ಕಾಳುಗಳಾಗಿ ಬಿದ್ದರೆ ಅದಕ್ಕೆ ಸ್ಲೀಟ್ ಎನ್ನುತ್ತಾರೆ. ಈ ಹೆಸರನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಅಳತೆ

ಮಳೆಯನ್ನು ಅಳೆಯುವುದು ನಮಗೆ ಗೊತ್ತು. ಮಳೆಮಾಪಕದಲ್ಲಿ ನಿಂತ ನೀರನ್ನು ಬೆಳಗ್ಗೆ 8.30ಕ್ಕೆ ಗಾಜಿನ ಅಳತೆ ಪಾತ್ರೆಗೆ ಸುರಿದು ಮಿಲಿಮೀಟರ್ ಗುರುತು ಓದಿದರೆ ಆ ದಿನದ ಮಳೆ ಸಿಕ್ಕಿತು. ನೀರು ಕುಗ್ಗುವುದಿಲ್ಲ. ಹಿಮ ಕುಗ್ಗುತ್ತದೆ. ಬಿದ್ದ ಗಳಿಗೆಯಿಂದಲೇ ತನ್ನ ಭಾರಕ್ಕೆ ತಾನೇ ಅಮರುತ್ತದೆ, ಗಾಳಿಗೆ ಹಾರಿ ಇನ್ನೊಂದೆಡೆ ಗುಡ್ಡೆಯಾಗುತ್ತದೆ, ಬೆಚ್ಚಗಿನ ನೆಲದ ಮೇಲೆ ಅಡಿಯಿಂದಲೇ ಕರಗುತ್ತದೆ. ಹೀಗಾಗಿ ಅಲ್ಲಿ ಬಿಳಿ ಬಣ್ಣ ಬಳಿದ ಒಂದು ಚೌಕ ಹಲಗೆಯನ್ನು ಬಯಲಿನಲ್ಲಿಟ್ಟು, ಅದರ ಮೇಲೆ ನಿಂತ ಹಿಮದ ಎತ್ತರವನ್ನು ಅಳತೆಪಟ್ಟಿಯಿಂದ ಇಂಚಿನ ಹತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ ಓದಿ, ನಂತರ ಹಲಗೆಯನ್ನು ಗುಡಿಸಿ ಮತ್ತೆ ಹಿಮದ ಮಟ್ಟಕ್ಕೆ ಸರಿಯಾಗಿ ಇಡುತ್ತಾರೆ.

ನನ್ನ ಚಿಕ್ಕಮ್ಮನ ಮಗಳು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಓದುತ್ತಿದ್ದಾಳೆ. ಅವಳೂ ಹಿತ್ತಲಲ್ಲಿ ಇಂಥ ಹಲಗೆ ಇಟ್ಟಿದ್ದಾಳೆ. ಒಂದು ದಿನ ವಿಡಿಯೋ ಕರೆಯಲ್ಲಿ ಅದನ್ನು ತೋರಿಸುತ್ತ, “ಅಕ್ಕಾ, ನೋಡು, ಪಟ್ಟಿ ಜೋರಾಗಿ ಒತ್ತಿದ್ರೆ ಅರ್ಧ ಇಂಚು ಹೋಯ್ತು” ಎಂದಳು. ಹಲಗೆಯ ಮೇಲಿದ್ದ ಹಿಮ ಹಿಂಜಿದ ಹತ್ತಿಯ ಹಾಗಿತ್ತು, ಪಟ್ಟಿಯ ತುದಿ ಮುಟ್ಟಿದ ಕಡೆಯೆಲ್ಲ ಸಣ್ಣ ಗುಳಿ ಬೀಳುತ್ತಿತ್ತು. ಅಳೆಯುವವರ ಕೈಯೂ ಲೆಕ್ಕದೊಳಗೆ ಸೇರುತ್ತದೆ ಎಂಬುದು ನನಗೆ ಅಂದು ಮನದಟ್ಟಾಯಿತು.

ಇದರಿಂದಲೇ ಒಂದು ಕಟ್ಟುನಿಟ್ಟಿನ ನಿಯಮ ಬಂದಿದೆ. 24 ಗಂಟೆಗಳಲ್ಲಿ ಹಲಗೆಯನ್ನು ನಾಲ್ಕಕ್ಕಿಂತ ಹೆಚ್ಚು ಸಲ ಅಳೆದು ಗುಡಿಸುವಂತಿಲ್ಲ, ಅಂದರೆ ಎರಡು ಅಳತೆಗಳ ನಡುವೆ ಆರು ಗಂಟೆಯ ಅಂತರ. ಗಂಟೆಗೊಮ್ಮೆ ಅಳೆದು ಗುಡಿಸಿದರೆ ಹಿಮಕ್ಕೆ ಅಮರಲು ಸಮಯವೇ ಸಿಗದೆ ಒಟ್ಟು ಮೊತ್ತ ಉಬ್ಬಿಬಿಡುತ್ತದೆ. 1997ರ ಜನವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಮಾಂಟಗ್ಯೂ ಎಂಬಲ್ಲಿ 24 ಗಂಟೆಗೆ 77 ಇಂಚು ಹಿಮ ವರದಿಯಾಯಿತು. ಅದು ಅಮೆರಿಕದ ದಾಖಲೆಯಾಗಬೇಕಿತ್ತು. ಪರಿಶೀಲನಾ ಸಮಿತಿ ವಿಚಾರಿಸಿದಾಗ ಆ ಅವಧಿಯಲ್ಲಿ ಆರು ಸಲ ಅಳೆಯಲಾಗಿತ್ತೆಂದು ತಿಳಿದು, ದಾಖಲೆಯನ್ನು ಒಪ್ಪಲಿಲ್ಲ. 1921ರ ಏಪ್ರಿಲ್‌ನಲ್ಲಿ ಕೊಲರಾಡೊದ ಸಿಲ್ವರ್ ಲೇಕ್‌ನಲ್ಲಿ ಬಿದ್ದ 75.8 ಇಂಚೇ ಹಾಗೆ ಉಳಿಯಿತು. ಆ ಸಮಿತಿಯ ತೀರ್ಮಾನ ಸರಿಯೆಂದೇ ನನಗೆ ಅನಿಸುತ್ತದೆ, ಏಕೆಂದರೆ ಅಳತೆಯ ಕ್ರಮ ಒಂದೇ ಆಗಿರದಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಸ್ಲೀಟ್ ಕಾಳುಗಳು ಹಿಮದ ಮೊತ್ತಕ್ಕೆ ಸೇರುತ್ತವೆ. ನೆಲ ಮುಟ್ಟಿದ ಮೇಲೆ ಗಾಜಿನಂತೆ ಹೆಪ್ಪುಗಟ್ಟುವ ಮಳೆ ಸೇರುವುದಿಲ್ಲ. ಇಂಚಿನ ಹತ್ತನೆಯ ಒಂದು ಭಾಗವನ್ನೂ ಮುಟ್ಟದ ಹಿಮವನ್ನು ‘ಲೇಶ’ ಎಂಬ ಅರ್ಥದ ಒಂದಕ್ಷರದಿಂದ ಗುರುತಿಸುತ್ತಾರೆ, ಲೆಕ್ಕಕ್ಕೆ ಕೂಡಿಸುವುದಿಲ್ಲ.

ಮೊತ್ತದೊಳಗೆ ಯಾರ ಪಾಲು ಎಷ್ಟು

ಹಿಮದ ಋತು ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ. ಜನವರಿಯಿಂದ ಡಿಸೆಂಬರ್‌ವರೆಗೆ ಲೆಕ್ಕ ಹಾಕಿದರೆ ಒಂದು ಚಳಿಗಾಲ ಎರಡು ತುಂಡಾಗುತ್ತದೆ. ಆದ್ದರಿಂದಲೇ ಅಂಕಿಗಳನ್ನು 2014–15, 2015–16 ಎಂದು ಜೋಡಿ ವರ್ಷಗಳಲ್ಲಿ ಬರೆಯುತ್ತಾರೆ. ನಾವು ‘ವಾಡಿಕೆ ಮಳೆ’ ಎನ್ನುವಂತೆ ಅಲ್ಲಿಯೂ 30 ವರ್ಷಗಳ ಸರಾಸರಿಯಿದೆ. 1991ರಿಂದ 2020ರವರೆಗಿನ ಸರಾಸರಿಯ ಪ್ರಕಾರ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕ್‌ಗೆ ವಾಡಿಕೆ 29.8 ಇಂಚು, ಬಾಸ್ಟನ್‌ಗೆ 49.2 ಇಂಚು. ಇಂಚನ್ನು 2.54ರಿಂದ ಗುಣಿಸಿದರೆ ಸೆಂಟಿಮೀಟರ್.

ಈಗ ಸೆಂಟ್ರಲ್ ಪಾರ್ಕಿನ ಐದು ಋತುಗಳನ್ನು ನೋಡಿ. 2019–20ರಲ್ಲಿ 4.8, ಮುಂದಿನ ಋತುವಿನಲ್ಲಿ 38.6, ನಂತರ 17.9, 2022–23ರಲ್ಲಿ ಬರೀ 2.3, 2023–24ರಲ್ಲಿ 7.5 ಇಂಚು. ಐದರ ಸರಾಸರಿ ಸುಮಾರು 14.2, ಅಂದರೆ ವಾಡಿಕೆಯ ಅರ್ಧಕ್ಕೂ ಕಡಿಮೆ. ಒಂದೇ ಒಂದು ಋತುವೂ ವಾಡಿಕೆಯ ಹತ್ತಿರ ಬಂದಿಲ್ಲ ಎಂಬುದನ್ನು ಗಮನಿಸಿ. 2.3 ಇಂಚು ಅಲ್ಲಿನ ದಾಖಲೆಯಲ್ಲೇ ಅತಿ ಕಡಿಮೆ. ಅದಕ್ಕೆ ಮೊದಲು ಆ ಸ್ಥಾನ 1972–73ರ 2.8 ಇಂಚಿಗಿತ್ತು, ಅತಿ ಹೆಚ್ಚು ಎಂದರೆ 1995–96ರ 75.6 ಇಂಚು. ಇಷ್ಟು ಏರಿಳಿತವಿರುವ ಕಡೆ ‘ಸರಾಸರಿ ಚಳಿಗಾಲ’ ಎಂಬುದು ಕಾಗದದ ಮೇಲೆ ಮಾತ್ರ ಇರುತ್ತದೆ.

ಏರಿಳಿತಕ್ಕೆ ಕಾರಣ ಹುಡುಕಿದರೆ ಬಿರುಗಾಳಿಗಳ ಪಾಲು ಕಣ್ಣಿಗೆ ಬೀಳುತ್ತದೆ. 2015–16ರಲ್ಲಿ ಸೆಂಟ್ರಲ್ ಪಾರ್ಕಿನ ಮೊತ್ತ 32.8 ಇಂಚು. ಅದನ್ನಷ್ಟೇ ಓದಿದವರು ವಾಡಿಕೆಗಿಂತ ಸ್ವಲ್ಪ ಹೆಚ್ಚು ಹಿಮ ಬಿದ್ದ ಸಾಧಾರಣ ಚಳಿಗಾಲ ಎಂದುಕೊಳ್ಳುತ್ತಾರೆ. ಆದರೆ ಅದರಲ್ಲಿ 27.5 ಇಂಚು 2016ರ ಜನವರಿ 22ರಿಂದ 24ರ ನಡುವಿನ ಒಂದೇ ಬಿರುಗಾಳಿಯದು, ಅಂದರೆ ನೂರಕ್ಕೆ 84ರಷ್ಟು. ಉಳಿದ ಇಡೀ ಚಳಿಗಾಲದಲ್ಲಿ ಬಿದ್ದದ್ದು ಐದೂಕಾಲು ಇಂಚು. ಆ ಬಿರುಗಾಳಿಯ ಮೊತ್ತವನ್ನು ಮೊದಲು 26.8 ಎಂದು ಪ್ರಕಟಿಸಿ, ಪರಿಶೀಲಿಸಿದ ಮೇಲೆ 27.5ಕ್ಕೆ ತಿದ್ದಲಾಯಿತು. ಆ ಮುಕ್ಕಾಲು ಇಂಚಿಗೂ ಕಡಿಮೆ ತಿದ್ದುಪಡಿಯಿಂದಲೇ ಅದು 2006ರ ಫೆಬ್ರವರಿಯ 26.9 ಇಂಚನ್ನು ಹಿಂದೆ ಹಾಕಿ ಆ ನಗರದ ಅತಿ ದೊಡ್ಡ ಹಿಮಪಾತವಾಯಿತು.

ಬಾಸ್ಟನ್ನಿನ 2014–15ರ ಋತು ಇದಕ್ಕಿಂತ ಚೆನ್ನಾದ ಉದಾಹರಣೆ. ಜನವರಿಯ ಮೂರನೆಯ ವಾರದವರೆಗೆ ಅಲ್ಲಿ ಹೇಳಿಕೊಳ್ಳುವಂಥ ಹಿಮವೇ ಇರಲಿಲ್ಲ. ಆಮೇಲೆ ಒಂದರ ಬೆನ್ನಿಗೆ ಒಂದು ಬಿರುಗಾಳಿ ಬಂದು ಫೆಬ್ರವರಿ ಒಂದರಲ್ಲೇ 64.8 ಇಂಚು ಸುರಿಯಿತು. ಮಾರ್ಚ್ ಬಂದಾಗ 1995–96ರ 107.6 ಇಂಚಿನ ದಾಖಲೆ ಕೈಗೆಟುಕುವಷ್ಟು ಹತ್ತಿರವಿತ್ತು, ಆದರೆ ಹಿಮ ನಿಂತುಬಿಟ್ಟಿತು. ಕೊನೆಗೆ ಮಾರ್ಚ್ 15ರಂದು 2.9 ಇಂಚು ಬಿದ್ದು ಮೊತ್ತ 108.6ಕ್ಕೆ ಏರಿತು, ಋತು 110.6ಕ್ಕೆ ಮುಗಿಯಿತು. ದಾಖಲೆ ಮುರಿದದ್ದು ಇಡೀ ಋತುವಿನ ಅತಿ ಸಣ್ಣ ಹಿಮಪಾತಗಳಲ್ಲಿ ಒಂದು.

ಈ ಕಾಯುವಿಕೆ ನಮಗೆ ಹೊಸದಲ್ಲ. ಹಸ್ತ, ಚಿತ್ತೆ ಮಳೆಗಳು ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳಲ್ಲಿ ಹಿರಿಯರು ‘ಸ್ವಾತಿಯಾದ್ರೂ ಹಿಡೀಬೇಕು’ ಎಂದು ಪೂರ್ವದ ಕಡೆ ನೋಡುತ್ತಾರೆ. ಬಂಗಾಳಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತ ಎದ್ದರೆ ಅದುವರೆಗಿನ ಕೊರತೆಯೆಲ್ಲ ಎರಡು ದಿನದಲ್ಲಿ ತುಂಬಿಹೋಗುತ್ತದೆ. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಕೆರೆಗಳು ಕೋಡಿ ಬಿದ್ದದ್ದು ಹಾಗೆಯೇ. ಕಟಾವಿಗೆ ಬಂದ ರಾಗಿಗೆ ಆ ಮಳೆ ಬೇಡವಾಗಿತ್ತು, ಕೆರೆಗೆ ಬೇಕಾಗಿತ್ತು. ವರ್ಷದ ಮಳೆಯ ಮೊತ್ತವನ್ನಷ್ಟೇ ನೋಡಿದವರಿಗೆ ಈ ಎರಡೂ ಕಾಣುವುದಿಲ್ಲ.

ಚಳಿಗಾಲದ ಕೊನೆಯಲ್ಲಿ ದೊಡ್ಡ ಬಿರುಗಾಳಿ ಏಕೆ

ಮಾರ್ಚ್ ಹೊತ್ತಿಗೆ ದಕ್ಷಿಣದಲ್ಲಿ ಬಿಸಿಲು ಬಲಿತು ಮೆಕ್ಸಿಕೋ ಕೊಲ್ಲಿಯ ಮೇಲಿನ ಗಾಳಿ ಬೆಚ್ಚಗಾಗಿ ತೇವ ತುಂಬಿಕೊಂಡಿರುತ್ತದೆ, ಆದರೆ ಕೆನಡಾದ ನೆಲದ ಮೇಲೆ ಇನ್ನೂ ಗಟ್ಟಿ ಹಿಮವಿದ್ದು ಅಲ್ಲಿನ ಗಾಳಿ ಕೊರೆಯುವಷ್ಟು ತಣ್ಣಗಿರುತ್ತದೆ. ಈ ಎರಡರ ನಡುವಿನ ಉಷ್ಣಾಂಶದ ವ್ಯತ್ಯಾಸವೇ ಮಧ್ಯ ಅಕ್ಷಾಂಶದ ವಾಯುಭಾರ ಕುಸಿತಗಳಿಗೆ ಆಹಾರ. ಮೇಲ್ಮಟ್ಟದಲ್ಲಿ ವೇಗವಾಗಿ ಬೀಸುವ ಗಾಳಿಯ ಹರಿವಾದ ಜೆಟ್ ಪ್ರವಾಹವೂ ಅದರಿಂದಲೇ ಬಲಗೊಳ್ಳುತ್ತದೆ. ಹೀಗೆ ಅಟ್ಲಾಂಟಿಕ್ ಕರಾವಳಿಯ ಗುಂಟ ಮೇಲೇರುವ ಬಿರುಗಾಳಿಗೆ ‘ನಾರ್‌ಈಸ್ಟರ್’ ಎಂಬ ಹೆಸರು ಬಂದದ್ದು, ಅದು ಕಡಲಲ್ಲಿದ್ದಾಗ ದಡದ ಊರುಗಳಿಗೆ ಈಶಾನ್ಯದಿಂದ ಗಾಳಿ ಬೀಸುವುದರಿಂದ.

1888ರ ಮಾರ್ಚ್ 11ರಿಂದ 14ರವರೆಗಿನ ಬಿರುಗಾಳಿ ನ್ಯೂಯಾರ್ಕ್ ನಗರವನ್ನು ಹೂತುಹಾಕಿ, ತಂತಿಗಳನ್ನು ಕಂಬದಿಂದ ನೆಲದಡಿಗೆ ಇಳಿಸುವ ಕೆಲಸವನ್ನು ಚುರುಕುಗೊಳಿಸಿತು. 1993ರ ಮಾರ್ಚ್ 12ರಿಂದ 14ರ ಬಿರುಗಾಳಿ ದಕ್ಷಿಣದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲೂ 13 ಇಂಚು ಹಿಮ ಸುರಿಸಿತು, ಸಿರಕ್ಯೂಸ್‌ನಲ್ಲಿ ಸುಮಾರು 43 ಇಂಚು. ಆ ಋತುವಿನಲ್ಲಿ ಸಿರಕ್ಯೂಸ್‌ನ ಮೊತ್ತ 192.1 ಇಂಚು, ಅಲ್ಲಿನ ದಾಖಲೆ. ಆದರೆ ಅದರಲ್ಲಿ ಆ ಬಿರುಗಾಳಿಯ ಪಾಲು ಐದರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಏಕೆಂದರೆ ಆ ಊರಿಗೆ ಬಿರುಗಾಳಿಯಿಲ್ಲದ ದಿನಗಳಲ್ಲೂ ಆಂಟಾರಿಯೋ ಸರೋವರದ ಬೆಚ್ಚಗಿನ ನೀರಿನ ಮೇಲೆ ಹಾದುಬರುವ ತಣ್ಣನೆ ಗಾಳಿ ದಿನಬಿಟ್ಟು ದಿನ ಹಿಮ ತರುತ್ತದೆ. ಆದ್ದರಿಂದ ಸಿರಕ್ಯೂಸನ್ನು ನ್ಯೂಯಾರ್ಕ್ ನಗರದೊಂದಿಗೆ ಹೋಲಿಸುವುದಕ್ಕಿಂತ ಬಫಲೋ, ರೋಚೆಸ್ಟರ್‌ಗಳೊಂದಿಗೆ ಹೋಲಿಸುವುದು ಮೇಲು. ಆ ನಗರಗಳ ನಡುವೆ ಯಾರಿಗೆ ಹೆಚ್ಚು ಹಿಮ ಎಂಬ ಸ್ನೇಹದ ಸ್ಪರ್ಧೆಯೂ ‘ಗೋಲ್ಡನ್ ಸ್ನೋಬಾಲ್’ ಎಂಬ ಹೆಸರಿನಲ್ಲಿ ನಡೆಯುತ್ತದೆ.

ಮಾರ್ಚಿನ ಹಿಮಕ್ಕೆ ತೊಡಕುಗಳೂ ಇವೆ. ಬಿಸಿಲು ಮೇಲೇರಿರುವುದರಿಂದ ಹಗಲಿನಲ್ಲಿ ಸಣ್ಣಗೆ ಬೀಳುವ ಹಿಮ ರಸ್ತೆಯ ಮೇಲೆ ನಿಲ್ಲುವುದಿಲ್ಲ, ರಾತ್ರಿ ಜೋರಾಗಿ ಬಿದ್ದರೆ ನಿಲ್ಲುತ್ತದೆ. ಬಿರುಗಾಳಿಯ ಹಾದಿ ದಡಕ್ಕೆ ತುಸು ಹತ್ತಿರವಾದರೂ ಕಡಲಿನ ಬೆಚ್ಚಗಿನ ಗಾಳಿ ಒಳನುಗ್ಗುತ್ತದೆ. 2017ರ ಮಾರ್ಚ್ 14ರಂದು ನ್ಯೂಯಾರ್ಕ್ ನಗರಕ್ಕೆ ಒಂದು ಅಡಿಗೂ ಮೀರಿದ ಹಿಮ ಬೀಳಬಹುದೆಂಬ ಮುನ್ಸೂಚನೆಯಿತ್ತು. ಬೆಚ್ಚಗಿನ ಪದರ ಬಂದು ಹಿಮ ಸ್ಲೀಟ್ ಆಗಿ ಬದಲಾಗಿ ಸೆಂಟ್ರಲ್ ಪಾರ್ಕಿನಲ್ಲಿ 7.6 ಇಂಚಿಗೆ ನಿಂತಿತು. ಅದೇ ಬಿರುಗಾಳಿ ಒಳನಾಡಿನಲ್ಲಿ ಅಡಿಗಟ್ಟಲೆ ಹಿಮ ಸುರಿಸಿತು. ಆದ್ದರಿಂದ ಅನುಭವಿಗಳು ಹವಾಮಾನ ಲೆಕ್ಕಹಾಕುವ ಒಂದೇ ಕಂಪ್ಯೂಟರ್ ಮಾದರಿಯ ಒಂದೇ ನಕ್ಷೆಯನ್ನು ನಂಬುವುದಿಲ್ಲ. ಆರಂಭದ ಅಂಕಿಗಳನ್ನು ಅಷ್ಟಿಷ್ಟು ಬದಲಿಸಿ ಹತ್ತಾರು ಸಲ ಓಡಿಸಿದ ‘ಎನ್‌ಸೆಂಬಲ್’ ಫಲಿತಾಂಶಗಳನ್ನು ನೋಡುತ್ತಾರೆ. ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರದ್ದರಲ್ಲಿ ಅಂಥ 51 ಓಟಗಳಿವೆ. ಅವೆಲ್ಲ ಒಂದೇ ಹಾದಿ ತೋರಿದರೆ ಭರವಸೆ ಹೆಚ್ಚು, ಚದುರಿದರೆ ಕಾಯಬೇಕು.

ನಮ್ಮ ದೇಶದ ಮಟ್ಟಿಗೆ ಈ ವಿಷಯ ಕಾಶ್ಮೀರಕ್ಕೆ ಅನ್ವಯಿಸುತ್ತದೆ. ಅಲ್ಲಿ ಚಳಿಗಾಲಕ್ಕೆ ಮೂರು ಹೆಸರಿನ ಅವಧಿಗಳಿವೆ: ಡಿಸೆಂಬರ್ 21ರಿಂದ 40 ದಿನ ಕಡು ಚಳಿಯ ಚಿಲ್ಲೈ ಕಲಾನ್, ನಂತರ 20 ದಿನ ಚಿಲ್ಲೈ ಖುರ್ದ್, ಕೊನೆಯ 10 ದಿನ ಚಿಲ್ಲೈ ಬಚ್ಚಾ. ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಎಂಬ ವಾಯುಭಾರ ಕುಸಿತಗಳು. 2025ರಲ್ಲಿ ಹಿಮದ ಕೊರತೆಯಿಂದ ಫೆಬ್ರವರಿಯಲ್ಲಿ ಮುಂದೂಡಲ್ಪಟ್ಟ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು, ಚಳಿಗಾಲದ ಕೊನೆಯ ಹಿಮ ಬಿದ್ದ ಮೇಲೆ ಮಾರ್ಚ್ 9ರಿಂದ 12ರವರೆಗೆ ನಡೆದವು.

ಮುಂದಿನ ಭಾನುವಾರಕ್ಕೆ ಒಂದು ಲೆಕ್ಕ. ತಂಗಿ ಕಳಿಸಿದ ಒಂದು ಬೆಳಗಿನ ಅಂಕಿ ಹೀಗಿದೆ: ಹಲಗೆಯ ಮೇಲೆ 8.4 ಇಂಚು ಹಿಮ, ಅದನ್ನು ಕರಗಿಸಿದಾಗ 0.6 ಇಂಚು ನೀರು. ಅನುಪಾತ 14ಕ್ಕೆ 1, ಅಂದರೆ ಸಾಮಾನ್ಯವಾಗಿ ಹಿಡಿಯುವ 10ಕ್ಕೆ 1ಕ್ಕಿಂತ ಹಗುರವಾದ ಒಣ ಹಿಮ. ಅಷ್ಟೇ ನೀರು ಮಾರ್ಚಿನ ಒದ್ದೆ ಹಿಮವಾಗಿ 6ಕ್ಕೆ 1ರಂತೆ ಬಿದ್ದಿದ್ದರೆ ಹಲಗೆಯ ಮೇಲೆ ಎಷ್ಟು ಇಂಚು ನಿಲ್ಲುತ್ತಿತ್ತು, ಋತುಮೊತ್ತಕ್ಕೆ ಎಷ್ಟು ಇಂಚು ಕಡಿಮೆ ಸೇರುತ್ತಿತ್ತು ಎಂಬುದನ್ನು ಬಿಡಿಸಿಕೊಂಡು ಬನ್ನಿ.