ಸ್ಟ್ರೈಟ್ ಗ್ರೇನ್: ಪೈಪಿನ ಮೈಮೇಲಿನ ನೇರ ಎಳೆ

ತಂಬಾಕು ಸೇದುವ ಹಳೆಯ ಇಂಗ್ಲಿಷ್ ಪೈಪ್ ಸಂಗ್ರಹಿಸುವವರ ಮಾತಿನಲ್ಲಿ ಸ್ಟ್ರೈಟ್ ಗ್ರೇನ್ ಅನ್ನುವ ಪದ ಪದೇ ಪದೇ ಬರುತ್ತದೆ. ಗ್ರೇನ್ ಅಂದರೆ ಇಲ್ಲಿ ಕಾಳಲ್ಲ, ಮರದ ಎಳೆ. ಪೈಪಿನಲ್ಲಿ ತಂಬಾಕು ತುಂಬುವ ಬಟ್ಟಲಿನ ಸುತ್ತಲೂ ಎಳೆಗಳು ಬುಡದಿಂದ ಬಾಯಿಯವರೆಗೆ ಎಲ್ಲೂ ಸೊಟ್ಟಗಾಗದೆ, ಬಾಚಿದ ಕೂದಲಿನ ಹಾಗೆ ನಿಂತಿದ್ದರೆ ಅದು ಸ್ಟ್ರೈಟ್ ಗ್ರೇನ್.

ಈ ಪೈಪುಗಳ ಮರ ಬ್ರಯರ್. ಮೆಡಿಟರೇನಿಯನ್ ಸುತ್ತಮುತ್ತಲ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಗಿಡದ್ದು. ಪೈಪಿಗೆ ಬಳಸುವುದು ಕಾಂಡವನ್ನಲ್ಲ, ಅದರ ಬುಡದಲ್ಲಿ ಮಣ್ಣೊಳಗೆ ಊದಿಕೊಂಡಿರುವ ಗಂಟನ್ನು. ಅದನ್ನು ಅಗೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ ಒಗರು ತೆಗೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ.

ಗಂಟಿನ ನಡುವೆ ಎಳೆಗಳು ಸುತ್ತಿಕೊಂಡಿರುತ್ತವೆ. ಹೊರಮೈ ಕಡೆ ಬಂದಂತೆ ನೇರವಾಗುತ್ತವೆ. ಅದಕ್ಕೇ ಒರಟು ಹೊರಮೈ ಸಮೇತ ಕತ್ತರಿಸಿದ ತುಂಡಿಗೆ ಬೆಲೆ ಜಾಸ್ತಿ. ಅದನ್ನು ಪ್ಲಾಟೋ ಅಂತಾರೆ. ಕಡ್ಡಿ ಪೊರಕೆಯೊಂದನ್ನು ನೆನೆಸಿಕೊಳ್ಳಿ. ಪಕ್ಕದಿಂದ ನೋಡಿದರೆ ಬರೀ ಗೆರೆಗಳು. ಬುಡದ ಕಡೆಯಿಂದ ನೋಡಿದರೆ ಬರೀ ಚುಕ್ಕೆಗಳು, ಅಲ್ವಾ? ಬ್ರಯರ್ ಕೂಡ ಹಾಗೇ. ಒಳ್ಳೆಯ ಸ್ಟ್ರೈಟ್ ಗ್ರೇನ್ ಪೈಪನ್ನು ತಲೆಕೆಳಗು ಮಾಡಿ ನೋಡಿ. ಬಟ್ಟಲಿನ ತಳದಲ್ಲಿ ಸಣ್ಣ ಸಣ್ಣ ಕಣ್ಣುಗಳು ಒತ್ತೊತ್ತಾಗಿ ಕೂತಿರುತ್ತವೆ. ಇದಕ್ಕೆ ಬರ್ಡ್ಸ್ ಐ, ಅಂದರೆ ಹಕ್ಕಿಗಣ್ಣು ಅನ್ನುವ ಹೆಸರಿದೆ. ಗೆರೆಯೂ ಕಣ್ಣೂ ಒಂದೇ ಎಳೆಯ ಎರಡು ಮುಖ. ನನಗಂತೂ ಗೆರೆಗಿಂತ ಈ ಕಣ್ಣುಗಳನ್ನು ನೋಡುವುದೇ ಹೆಚ್ಚು ಇಷ್ಟ.

ಇದು ಇಷ್ಟು ಅಪರೂಪ ಯಾಕೆ? ತುಂಡಿನ ಎಳೆ ಯಾವ ಕಡೆ ಓಡುತ್ತಿದೆ ಎಂದು ನೋಡಿ ಕೆಲಸಗಾರ ಬಟ್ಟಲಿನ ದಿಕ್ಕು ಗೊತ್ತು ಮಾಡಬೇಕು. ಅಷ್ಟು ಮಾಡಿದರೂ ಕೈ ಕೊಡಬಹುದು. ಮರದೊಳಗೆ ಅಡಗಿದ್ದ ತೂತು ಉಜ್ಜುತ್ತಾ ಹೋದಾಗಲೇ ಬಯಲಾಗುವುದು. ಅಗ್ಗದ ಪೈಪಾದರೆ ತೂತಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚುತ್ತಾರೆ. ಮೇಲ್ದರ್ಜೆಯ ಪೈಪಿನಲ್ಲಿ ಪುಟ್ಟಿಗೆ ಜಾಗವಿಲ್ಲ. ಮೇಲ್ಮೈ ಮೇಲೆ ಮರಳು ಊದಿ, ಮೆತ್ತಗಿನ ಭಾಗ ಸವೆಸಿ, ಗಟ್ಟಿ ಎಳೆಯನ್ನು ಉಬ್ಬಿಸುವ ದಾರಿ ಬೇರೆ ಇದೆ. ಲಂಡನ್ನಿನ ಡನ್‌ಹಿಲ್ ಕಂಪನಿ 1917ರ ಸುಮಾರಿಗೆ ತಂದ ಶೆಲ್ ಪೈಪು ಈ ಬಗೆಯದು.

ಆಯ್ದ ಸ್ಟ್ರೈಟ್ ಗ್ರೇನ್‌ಗಳಿಗೆ ಡನ್‌ಹಿಲ್ ಡಿಆರ್ ಎಂಬ ಮುದ್ರೆ ಒತ್ತುತ್ತಿತ್ತು. 1863ರಲ್ಲಿ ಶುರುವಾದ ಚಾರಟನ್ ಕಂಪನಿಯಲ್ಲಿ ಸುಪ್ರೀಮ್, ಕೊಮೊಯ್ಸ್‌ನಲ್ಲಿ ಬ್ಲೂ ರಿಬ್ಯಾಂಡ್ ಇಂಥ ಮೇಲ್ದರ್ಜೆಗಳು. ಸಂಗ್ರಹಕಾರರು ಹುಡುಕುವುದು ಇವನ್ನೇ.

ಎಳೆ ನೇರವಾಗಿದ್ದ ಮಾತ್ರಕ್ಕೆ ಹೊಗೆಯ ರುಚಿ ಹೆಚ್ಚುವುದಿಲ್ಲ. ಅದಕ್ಕೆ ಮರ ಚೆನ್ನಾಗಿ ಒಣಗಿರಬೇಕು, ಕೊಳವೆಯ ತೂತು ಬಟ್ಟಲಿನ ತಳಕ್ಕೆ ಸರಿಯಾಗಿ ಬಂದು ಸೇರಬೇಕು. ಸ್ಟ್ರೈಟ್ ಗ್ರೇನ್‌ಗೆ ಕೊಡುವ ದುಡ್ಡು ಕಣ್ಣಿನ ಖುಷಿಗೆ, ಆ ತುಂಡನ್ನು ಗುರುತಿಸಿದವನ ಕಸುಬಿಗೆ. ಅದು ದಂಡ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಕೊಳ್ಳುವಾಗ ಮುದ್ರೆ ಒಂದನ್ನೇ ನಂಬಬೇಡಿ. ಪೈಪನ್ನು ಹಗಲು ಬೆಳಕಿನಲ್ಲಿ ನಿಧಾನಕ್ಕೆ ತಿರುಗಿಸಿ, ಒಂದು ಎಳೆ ಹಿಡಿದು ಬುಡದಿಂದ ಮೇಲಕ್ಕೆ ಕಣ್ಣು ಓಡಿಸಿ. ಎಳೆ ಒಂದು ಮಂಕು ಚುಕ್ಕೆಯ ಹತ್ತಿರ ತಟ್ಟನೆ ನಿಂತು, ಅದರಾಚೆ ಮತ್ತೆ ಶುರುವಾದರೆ ಅಲ್ಲಿರುವುದು ಬಹುಶಃ ಪುಟ್ಟಿ.